ಡಿಕ್ರಿಯಿಂದ ಪಾಸ್‌ಪೋರ್ಟ್‌ವರೆಗೆ: ಹೆಸರು ಬದಲಿಸಿಕೊಂಡ ಎಂಟು ತಿಂಗಳು

ಕಳೆದ ವಾರ ಸ್ಪೀಡ್ ಪೋಸ್ಟ್‌ನಲ್ಲಿ ಹೊಸ ಪಾಸ್‌ಪೋರ್ಟ್ ಬಂತು. ವಿಚ್ಛೇದನದ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆದದ್ದು 2025ರ ಜೂನ್‌ನಲ್ಲಿ, ಪಾಸ್‌ಪೋರ್ಟ್ ಕೈಗೆ ಸಿಕ್ಕಿದ್ದು 2026ರ ಫೆಬ್ರವರಿಯಲ್ಲಿ. ವಕೀಲರ ಫೀಸು ಬಿಟ್ಟು ನನಗೆ ಬಿದ್ದ ಖರ್ಚು 5,832 ರೂಪಾಯಿ. ಹಣಕ್ಕಿಂತ ಹೆಚ್ಚು ಹೋದದ್ದು ದಿನಗಳು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಸರಿಯಾಗಿ ಹೇಳುವವರು ಸಿಗಲಿಲ್ಲ. ಇದೇ ದಾರಿಯಲ್ಲಿ ಹೊರಟಿರುವ ಹೆಣ್ಣುಮಕ್ಕಳಿಗೆ ಆ ಕ್ರಮ ಗೊತ್ತಿರಲಿ ಎಂದು ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಅರ್ಜಿ ಹಿಡಿದು ಓಡುವ ಮುಂಚೆ ಒಂದು ತೀರ್ಮಾನ ಮಾಡಿಕೊಳ್ಳಬೇಕು: ಯಾವ ಹೆಸರು? ಮದುವೆಯಾದಾಗ ಇದನ್ನು ನಾನು ಯೋಚಿಸಿರಲಿಲ್ಲ. ಬ್ಯಾಂಕಿನವರು ಕೇಳಿದರು, ಬದಲಿಸಿದೆ. ಆಧಾರ್‌ನಲ್ಲೂ ಹಾಗೇ ಮಾಡಿಸಿದೆ. ಮದುವೆಯಾದ ಹೆಣ್ಣು ಗಂಡನ ಹೆಸರು ಸೇರಿಸಿಕೊಳ್ಳಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ ಎಂಬುದು ಆಗ ಗೊತ್ತಿದ್ದರೆ ಈ ಎಂಟು ತಿಂಗಳು ಉಳಿಯುತ್ತಿತ್ತು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಒಂದನ್ನು ಮದುವೆಗೇ ಖರ್ಚು ಮಾಡಿಯಾಗಿತ್ತು. ಉಳಿದ ಒಂದರಲ್ಲಿ ಅಕ್ಷರ ತಪ್ಪದಂತೆ ಮುಗಿಸಬೇಕಿತ್ತು.

ನಮ್ಮ ಕಡೆಯ ಹೆಸರುಗಳಿಗೆ ಇನ್ನೊಂದು ತೊಡಕಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಶಿಯಲ್ ಇವೆ, ಒಂದು ಊರಿನದು, ಒಂದು ಅಪ್ಪನದು. ಪ್ಯಾನ್‌ನಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಇನಿಶಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ವಿದೇಶಕ್ಕೆ ಹೊರಟಾಗ ತೊಂದರೆ. 2022ರ ನವೆಂಬರ್‌ನಲ್ಲಿ ಯುಎಇ, ಪ್ರವಾಸಿ ಇಲ್ಲವೇ ಭೇಟಿ ವೀಸಾದಲ್ಲಿ ಬರುವ ಒಂಟಿ ಹೆಸರಿನ ಪಾಸ್‌ಪೋರ್ಟ್‌ನವರಿಗೆ ಪ್ರವೇಶವಿಲ್ಲ ಎಂಬ ನಿಯಮ ತಂದಿತು. ಹಾಗಾಗಿ 'ಹಳೇ ಹೆಸರಿಗೇ ಹೋಗ್ತೀನಿ' ಎಂದರೂ ಆ ಹೆಸರನ್ನು ಹೇಗೆ ಬಿಡಿಸಿ ಬರೆಯುವುದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ನಾನು ನನ್ನ ಹೆಸರಿನ ಮುಂದೆ ಅಮ್ಮನ ಹೆಸರನ್ನು ಇಟ್ಟುಕೊಂಡೆ. ಕೋರ್ಟಿಗೆ ಅಲೆದ ದಿನಗಳಲ್ಲಿ ಪ್ರತಿ ವಾಯಿದೆಗೂ ಟಿಫಿನ್ ಡಬ್ಬಿ ಹಿಡಿದು ಜೊತೆಗೆ ಬಂದವಳು ಅವಳು.

ಈ ತೀರ್ಮಾನದ ಮೇಲೆ ಖರ್ಚೂ ನಿಂತಿದೆ. ಮದುವೆಗೆ ಮುಂಚಿನ ಹೆಸರಿಗೆ ಅಕ್ಷರವೂ ಬದಲಾಗದಂತೆ ಮರಳುವುದಾದರೆ ಆಧಾರ್‌ಗೂ ಪಾಸ್‌ಪೋರ್ಟ್‌ಗೂ ಡಿಕ್ರಿ ಸಾಕು, ಗೆಜೆಟ್‌ಗೆ, ಅಂದರೆ ಸರ್ಕಾರದ ಅಧಿಕೃತ ಪ್ರಕಟಣೆಗೆ, ಹೋಗಬೇಕಿಲ್ಲ. ನನ್ನಂತೆ ಬೇರೆ ಹೆಸರು ಆರಿಸಿಕೊಂಡರೆ ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಮೂರೂ ಬೇಕು. ಇದನ್ನು ಮನೆಯಲ್ಲೇ ಕೂತು ನಿರ್ಧರಿಸಿ, ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಹೆಸರನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಹೋದಲ್ಲೆಲ್ಲ ಬಾಯಿಂದ ಹೇಳದೆ ಆ ಹಾಳೆಯನ್ನೇ ತೋರಿಸಿ.

ಡಿಕ್ರಿಯ ವಿಷಯಕ್ಕೆ ಬರುತ್ತೇನೆ. ನಮ್ಮದು ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಅಡಿ ಪರಸ್ಪರ ಒಪ್ಪಿಗೆಯ ಅರ್ಜಿ. ಮೊದಲ ಮತ್ತು ಎರಡನೇ ಹಂತದ ನಡುವಿನ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಸಂದರ್ಭ ನೋಡಿ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ನಾವು ಮನ್ನಾ ಕೇಳಲಿಲ್ಲ. ಇನ್ನೂ ಅರ್ಜಿ ಹಾಕುವ ಹಂತದಲ್ಲಿರುವವರಿಗೆ ನಾನು ಒತ್ತಿ ಹೇಳುವುದು ಇದು: ರಾಜಿ ಒಪ್ಪಂದದಲ್ಲೇ 'ಪತ್ನಿಯು ಇನ್ನು ಮುಂದೆ ಇಂಥ ಹೆಸರನ್ನು ಬಳಸಬಹುದು, ಇದಕ್ಕೆ ಪತಿಯ ಆಕ್ಷೇಪವಿಲ್ಲ' ಎಂಬ ಒಂದು ಸಾಲು ಸೇರಿಸುವಂತೆ ವಕೀಲರಿಗೆ ಹೇಳಿ. ಮುಂದೆ ಕೌಂಟರ್‌ಗಳಲ್ಲಿ ಆ ಒಂದು ಸಾಲು ಬಹಳ ಮಾತು ಉಳಿಸುತ್ತದೆ.

ಆದೇಶ ಆದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಜಡ್ಜ್‌ಮೆಂಟ್ ಬೇರೆ, ಡಿಕ್ರಿ ಬೇರೆ. ಎರಡನ್ನೂ ತಲಾ ಮೂರು ಪ್ರತಿ ತೆಗೆದುಕೊಳ್ಳಿ. ಕೈಗೆ ಬಂದ ತಕ್ಷಣ ಅಲ್ಲೇ ನಿಂತು, ಶೀರ್ಷಿಕೆಯಲ್ಲಿರುವ ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಆಗಿನ ಆಧಾರ್‌ಗೆ ತಾಳೆಯಾಗುತ್ತದೆಯೇ ನೋಡಿ. ತಪ್ಪಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 152ರ ಅಡಿ ತಿದ್ದುಪಡಿ ಕೇಳಬಹುದು. ವಕೀಲರು, ಕಡತ, ನೆನಪು ಎಲ್ಲ ಹಸಿಯಾಗಿರುವಾಗಲೇ ಆ ಕೆಲಸ ಮುಗಿಸಿಕೊಳ್ಳಬೇಕು. ನನ್ನ ಪ್ರತಿಗಳು ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ಯಾರಿಗೂ ಏನೂ ಹೇಳದೆ ಸುಮ್ಮನಿದ್ದೆ. ಫೋನ್ ತೆಗೆಯಲೂ ಮನಸ್ಸಿರಲಿಲ್ಲ. ಹಾಗೆ ಅನ್ನಿಸಿದರೆ ಅನ್ನಿಸಲಿ, ಆ ವಾರಗಳಲ್ಲಿ ಮಾಡಬೇಕಾದ ಕೆಲಸವೂ ಏನಿರುವುದಿಲ್ಲ.

ಜುಲೈ ಕೊನೆಗೆ ಅಫಿಡವಿಟ್. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಅಫಿಡವಿಟ್‌ನ ಮುದ್ರಾಂಕ ಶುಲ್ಕ 20 ರೂಪಾಯಿಂದ 100ಕ್ಕೆ ಏರಿದೆ. ಹಳೆಯ ಲೆಕ್ಕದಲ್ಲಿ 20 ರೂಪಾಯಿಯ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿದರೆ ಮುಂದೆ ಆಕ್ಷೇಪ ಬರುತ್ತದೆ. ಇ-ಸ್ಟಾಂಪ್ ಕೊಡುವ ಸಹಕಾರ ಸಂಘಗಳಲ್ಲಿ ಮೊದಲ ಪಕ್ಷದ ಹೆಸರು ಕೇಳುತ್ತಾರೆ. ಅಲ್ಲಿ ಈಗಿರುವ, ಅಂದರೆ ಬಿಡಲಿರುವ ಹೆಸರನ್ನೇ ಕೊಡಬೇಕು, ಏಕೆಂದರೆ ಹೊಸ ಹೆಸರಿಗೆ ಇನ್ನೂ ಯಾವ ದಾಖಲೆಯೂ ಇಲ್ಲ. ನಾನು ಮೂರು ಮೂಲ ಪ್ರತಿ ಮಾಡಿಸಿದೆ. ಸ್ಟಾಂಪಿಗೆ 300, ಟೈಪಿಂಗ್ ಮತ್ತು ನೋಟರಿ ಸೇರಿ 600. ಒಂದು ಗೆಜೆಟ್‌ಗೆ ಹೋಗುತ್ತದೆ, ಒಂದು ಪಾಸ್‌ಪೋರ್ಟ್‌ಗೆ, ಒಂದು ಮನೆಯಲ್ಲಿರಲಿ.

ಅಫಿಡವಿಟ್‌ನಲ್ಲಿ ಹಳೆಯ ಹೆಸರು, ಹೊಸ ಹೆಸರು, ವಯಸ್ಸು, ವಿಳಾಸ ಇರಬೇಕು. ಎರಡೂ ಹೆಸರು ಒಬ್ಬಳೇ ವ್ಯಕ್ತಿಯವು ಎಂಬ ಮಾತೂ ಇರಬೇಕು. ಶಾಲೆಯ ಹೆಸರು ಬೇರೆ ಇದ್ದರೆ ಅದನ್ನೂ ಇಲ್ಲೇ ಸೇರಿಸಿ, ಒಟ್ಟು ಮೂರು ಹೆಸರಾದರೂ ಚಿಂತೆಯಿಲ್ಲ. ಅಂಕಪಟ್ಟಿಗಳನ್ನು ತಿದ್ದಿಸಲು ಹೋಗಬೇಡಿ. ಹಳೆಯ ಹೆಸರಿನ ಅಂಕಪಟ್ಟಿ, ಜೊತೆಗೆ ಈ ಅಫಿಡವಿಟ್ ಮತ್ತು ಗೆಜೆಟ್ ಇಷ್ಟಿದ್ದರೆ ಸಾಕು. ಟೈಪ್ ಮಾಡುವವರು ತಮ್ಮ ಹಳೆಯ ಮಾದರಿ ತೆರೆದು 'ವೈಫ್ ಆಫ್' ಎಂದು ಇರುವುದನ್ನು ಹಾಗೇ ಬಿಟ್ಟುಬಿಡುತ್ತಾರೆ. 'ಡಾಟರ್ ಆಫ್' ಎಂದು ಬದಲಿಸಿದ ಮೇಲೆಯೇ ಪ್ರಿಂಟ್ ತೆಗೆಸಿ.

ಆಮೇಲೆ ಪತ್ರಿಕೆ. ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಕ್ಲಾಸಿಫೈಡ್‌ನಲ್ಲಿ ನಾಲ್ಕೈದು ಸಾಲು, ಎರಡೂ ಸೇರಿ ನನಗೆ 1,900 ಆಯಿತು. ಏಕೆ ಬದಲಿಸುತ್ತಿದ್ದೀರಿ ಎಂದು ಜಾಹೀರಾತಿನಲ್ಲಿ ಬರೆಯಬೇಕಿಲ್ಲ. ಏಜೆಂಟ್ ಕೇಳಿದರೂ 'ವಿಚ್ಛೇದಿತೆ' ಎಂಬ ಪದ ಹಾಕಿಸಬೇಡಿ. ಇಂಥ ವಿಳಾಸದಲ್ಲಿ ವಾಸವಾಗಿರುವ ಇಂಥವಳಾದ ನಾನು, ಇಂಥ ದಿನದ ಅಫಿಡವಿಟ್ ಪ್ರಕಾರ ಇನ್ನು ಮುಂದೆ ಇಂಥ ಹೆಸರಿನಿಂದ ಕರೆಯಲ್ಪಡುತ್ತೇನೆ ಎಂದಿಷ್ಟೇ ಸಾಕು. ಪ್ರಕಟವಾದ ಬೆಳಿಗ್ಗೆಯೇ ಎರಡೂ ಪತ್ರಿಕೆಯ ತಲಾ ಐದು ಪ್ರತಿ ಕೊಂಡಿಡಿ. ಜಾಹೀರಾತನ್ನು ಕತ್ತರಿಸಬೇಡಿ. ಪತ್ರಿಕೆಯ ಹೆಸರು, ದಿನಾಂಕ ಕಾಣುವ ಇಡೀ ಪುಟ ಬೇಕಾಗುತ್ತದೆ.

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಎಡವುವುದು ಗೆಜೆಟ್‌ನಲ್ಲಿ. ನಾನು ಭಾರತ ಸರ್ಕಾರದ ಗೆಜೆಟ್‌ಗೆ ಹಾಕಿದೆ. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಾಶನ ಇಲಾಖೆಯ ಕಂಟ್ರೋಲರ್ ಆಫ್ ಪಬ್ಲಿಕೇಷನ್ಸ್ ಅವರಿಗೆ, ಪಿನ್ 110054. ಕಳಿಸಬೇಕಾದವು: ಅಫಿಡವಿಟ್‌ನ ಮೂಲ, ಪತ್ರಿಕೆಯ ಮೂಲ ಪುಟಗಳು, ನಿಗದಿತ ನಮೂನೆಯಲ್ಲಿ ಟೈಪ್ ಮಾಡಿದ ಘೋಷಣೆ, ಅದರ ವರ್ಡ್ ಫೈಲ್ ಇರುವ ಸಿಡಿ, ಎರಡರಲ್ಲಿರುವುದೂ ಒಂದೇ ಎಂಬ ಪ್ರಮಾಣಪತ್ರ, ಸ್ವಯಂ ದೃಢೀಕರಿಸಿದ ಎರಡು ಫೋಟೊ, ಗುರುತಿನ ಚೀಟಿಯ ಪ್ರತಿ, ವಿನಂತಿ ಪತ್ರ, ಶುಲ್ಕದ ರಸೀದಿ. ವಯಸ್ಕರಿಗೆ ನಾನು ಕಟ್ಟಿದ ಶುಲ್ಕ 1,100, ಭಾರತ್‌ಕೋಶ್ ಜಾಲತಾಣದ ಮೂಲಕ. ನಮೂನೆಗೆ ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ, ಸಹಿ ಬೇಕು.

ಮದುವೆಯಾದ ಹೆಣ್ಣು ತವರಿನ ಹೆಸರಿಗೆ ಮರಳಬೇಕಾದರೆ ಗಂಡನ ಒಪ್ಪಿಗೆ ಪತ್ರವನ್ನೋ ವಿಚ್ಛೇದನದ ಡಿಕ್ರಿಯನ್ನೋ ಕೊಡಬೇಕೆಂಬ ಷರತ್ತು ಇಲ್ಲಿಯದೇ. 2024ರಲ್ಲಿ ಒಬ್ಬ ಮಹಿಳೆ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು. ತನ್ನ ಹೆಸರಿಗೆ ತಾನು ಮರಳಲು ಇನ್ನೊಬ್ಬರ ಒಪ್ಪಿಗೆ ಕೇಳುವುದು ನನ್ನ ಮಟ್ಟಿಗೆ ಅನ್ಯಾಯವೇ. ಆದರೆ ಕೆಲಸ ಆಗಬೇಕಲ್ಲ. ಡಿಕ್ರಿ ಕೈಗೆ ಬರುವ ಮುಂಚೆ ಗೆಜೆಟ್‌ಗೆ ಕಳಿಸಿ ವಾಪಸು ತರಿಸಿಕೊಳ್ಳಬೇಡಿ.

ಆ ನಮೂನೆಯ ಕೊನೆಯಲ್ಲಿ ಸಹಿಯ ಜಾಗದ ಕೆಳಗೆ, ಸಹಿ ಹಳೆಯ ಹೆಸರಿನಲ್ಲಿರಬೇಕು ಎಂದು ಬರೆದಿರುತ್ತದೆ. ಅವಸರದಲ್ಲಿ ಹೊಸ ಸಹಿ ಹಾಕಿ ಬಹಳ ಮಂದಿ ಎಡವುತ್ತಾರೆ. ನಾನೂ ಪೆನ್ನು ಇಟ್ಟು ಹೊಸದನ್ನೇ ಬರೆಯಲು ಹೊರಟಿದ್ದೆ. ಟೈಪಿಂಗ್ ಅಂಗಡಿಯ ಹಿರಿಯರು ತಡೆದರು.

"ತಾಳಮ್ಮ, ಹಳೇ ಹೆಸರಲ್ಲೇ ಹಾಕು. ಇದೊಂದ್ಸಲ."

"ಇನ್ನೆಲ್ಲೂ ಬೇಡ್ವಾ ಸಾರ್?"

"ಬ್ಯಾಂಕಲ್ಲೊಂದ್ಸಲ ಕೇಳ್ತಾರೆ. ಆಮೇಲೆ ಮುಗೀತು."

ಒಂಬತ್ತು ವರ್ಷ ದಿನವೂ ಹಾಕಿದ ಸಹಿ ಅದು, ಆದರೂ ಆ ದಿನ ಕೈ ತಡವರಿಸಿತು.

ಮೊದಲ ಸಲ ಕಳಿಸಿದ್ದು ಸೆಪ್ಟೆಂಬರ್‌ನಲ್ಲಿ ವಾಪಸು ಬಂತು. ಕಾಗದದಲ್ಲಿ ಇನಿಶಿಯಲ್‌ನ ನಂತರ ಚುಕ್ಕೆ ಇತ್ತು, ಸಿಡಿಯಲ್ಲಿದ್ದ ಫೈಲಿನಲ್ಲಿ ಇರಲಿಲ್ಲ. ಅಂಗಡಿಯಲ್ಲಿ ಪ್ರಿಂಟ್ ತೆಗೆದ ಮೇಲೆ ಯಾರೋ ಫೈಲ್ ತಿದ್ದಿದ್ದರು. ಇದನ್ನು ತಪ್ಪಿಸುವ ದಾರಿ ಸುಲಭ: ಮೊದಲು ಸಿಡಿ ಬರೆಸಿ, ಆ ಸಿಡಿಯಿಂದಲೇ ಫೈಲ್ ತೆರೆದು ಪ್ರಿಂಟ್ ತೆಗೆಸಿ, ಆ ಪ್ರಿಂಟಿನ ಮೇಲೆ ಸಹಿ ಮಾಡಿ. ಸಿಡಿ ಬರೆಯುವ ಅಂಗಡಿಗಳೇ ಈಗ ಕಡಿಮೆ. ಫೋಟೊ ಸ್ಟುಡಿಯೊಗಳಲ್ಲಿ ಕೇಳಿ, ಸಿಗುತ್ತದೆ. ಸಿಡಿ, ಎರಡು ಸಲದ ಸ್ಪೀಡ್ ಪೋಸ್ಟ್, ಜೆರಾಕ್ಸ್ ಎಲ್ಲ ಸೇರಿ 250 ರೂಪಾಯಿ.

ಹೆಸರು ಬದಲಾವಣೆಗಳು ಶನಿವಾರದ ವಾರದ ಗೆಜೆಟ್‌ನ ನಾಲ್ಕನೇ ಭಾಗದಲ್ಲಿ ಬರುತ್ತವೆ. ಅಕ್ಟೋಬರ್‌ನ ಒಂದು ಸಂಚಿಕೆಯಲ್ಲಿ ನನ್ನದು ಬಂತು. ಇ-ಗೆಜೆಟ್ ಜಾಲತಾಣದಲ್ಲಿ ವಾರದ ಗೆಜೆಟ್, ನಾಲ್ಕನೇ ಭಾಗ ಎಂದು ಆರಿಸಿಕೊಂಡು ನೋಡುತ್ತಿರಬೇಕು. ಒಂದೇ ಪಿಡಿಎಫ್‌ನಲ್ಲಿ ಸಾಲುಸಾಲಾಗಿ ಜನರ ಹೆಸರುಗಳಿರುತ್ತವೆ. ಗೆಜೆಟ್‌ನ ಲಾಂಛನ, ಸಂಚಿಕೆ ಸಂಖ್ಯೆ ಇರುವ ಮೊದಲ ಪುಟ ಮತ್ತು ನಿಮ್ಮ ಹೆಸರಿರುವ ಪುಟ ಎರಡನ್ನೂ ಪ್ರಿಂಟ್ ತೆಗೆದು ಆರೇಳು ಪ್ರತಿ ಇಟ್ಟುಕೊಳ್ಳಿ. ಒಂದು ಕೌಂಟರಿನಲ್ಲಿ 'ಒರಿಜಿನಲ್ ಗೆಜೆಟ್, ಸೀಲ್ ಇರೋದು ತನ್ನಿ' ಎಂದರು. ಹಾಗೆಂಬುದೇ ಇಲ್ಲ. 2015ರ ಅಕ್ಟೋಬರ್‌ನಿಂದ ಗೆಜೆಟ್ ಮುದ್ರಣ ನಿಂತು ಎಲೆಕ್ಟ್ರಾನಿಕ್ ರೂಪದಲ್ಲಷ್ಟೇ ಬರುತ್ತಿದೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 8 ಅದಕ್ಕೆ ಮಾನ್ಯತೆ ಕೊಟ್ಟಿದೆ. ಇಷ್ಟು ಹೇಳಿದ ಮೇಲೆ ಒಪ್ಪಿಕೊಂಡರು. ಒಂದು ಎಚ್ಚರಿಕೆಯೂ ಉಂಟು: ಗೆಜೆಟ್ ಸಾರ್ವಜನಿಕ ದಾಖಲೆ. ನೀವು ಕೊಟ್ಟ ವಿಳಾಸ ಅಲ್ಲಿ ಶಾಶ್ವತವಾಗಿ ಇರುತ್ತದೆ. ಹೊಸ ಮನೆಯ ವಿಳಾಸ ಯಾರಿಗೂ ತಿಳಿಯಬಾರದು ಎನ್ನುವ ಪರಿಸ್ಥಿತಿಯಲ್ಲಿದ್ದರೆ, ಯಾವ ವಿಳಾಸ ಕೊಡಬೇಕೆಂದು ವಕೀಲರ ಜೊತೆ ಮೊದಲೇ ಮಾತಾಡಿ.

ಗೆಜೆಟ್ ಬಂದ ಮೇಲೆ ಮೊದಲು ಆಧಾರ್. ಪ್ಯಾನ್, ಬ್ಯಾಂಕ್, ಪಿಎಫ್ ಎಲ್ಲವೂ ಆಧಾರ್ ನೋಡಿಯೇ ಮುಂದುವರಿಯುತ್ತವೆ. ಹೆಸರು ಬದಲಾವಣೆಗೆ ಆಧಾರ್ ಕೇಂದ್ರಕ್ಕೇ ಹೋಗಬೇಕು. ಗೆಜೆಟ್ ಜೊತೆಗೆ ಹಳೆಯ ಹೆಸರಿನ ಫೋಟೊ ಇರುವ ಗುರುತಿನ ದಾಖಲೆ ಕೇಳುತ್ತಾರೆ, ಹಳೆಯ ಪಾಸ್‌ಪೋರ್ಟ್ ಅದಕ್ಕೆ ಆಯಿತು. ಶುಲ್ಕ 2025ರ ಅಕ್ಟೋಬರ್ 1ರಿಂದ 50ರ ಬದಲು 75. ಒಂದೇ ಭೇಟಿಯಲ್ಲಿ ಹೆಸರು, ವಿಳಾಸ ಎರಡನ್ನೂ ಬದಲಿಸಿದರೂ ಅಷ್ಟೇ. ಹಾಗಾಗಿ ವಿಳಾಸದ ಮುಂದಿರುವ 'ಡಬ್ಲ್ಯು/ಒ' (ವೈಫ್ ಆಫ್) ಸಾಲನ್ನೂ ಅದೇ ದಿನ ತೆಗೆಸಿ. ಅದು ಹೆಸರಿನ ಭಾಗವಲ್ಲ, ವಿಳಾಸದ ಭಾಗ, ಬಿಡಿಸಿ ಕೇಳದಿದ್ದರೆ ಹಾಗೇ ಉಳಿದುಬಿಡುತ್ತದೆ.

ಇಲ್ಲಿ ಕನ್ನಡದ ಹೆಸರಿನ ಮೇಲೆ ಕಣ್ಣಿಡಬೇಕು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಯಂತ್ರವೇ ಕನ್ನಡಕ್ಕೆ ಇಳಿಸುತ್ತದೆ. ನಾವು 'ತ'ಕಾರಕ್ಕೆ ಟಿ, ಎಚ್ ಎರಡನ್ನೂ ಬರೆಯುವವರು. ಯಂತ್ರ ಅದನ್ನು 'ಥ' ಮಾಡುತ್ತದೆ. ಸವಿತಾ ಹೋಗಿ ಸವಿಥ, ಕವಿತಾ ಹೋಗಿ ಕವಿಥ. ದೀರ್ಘ ಬಿಟ್ಟುಹೋಗುತ್ತದೆ, 'ಳ' ಇರಬೇಕಾದಲ್ಲಿ 'ಲ' ಕೂರುತ್ತದೆ. ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಕೈಯಲ್ಲಿರುವ ಹಾಳೆಗೆ ಅಕ್ಷರ ಅಕ್ಷರ ತಾಳೆ ನೋಡಿ, ತಿದ್ದಿಸಿದ ಮೇಲೆಯೇ ಬೆರಳಚ್ಚು ಕೊಡಿ. ನನ್ನ ಸರದಿಯಲ್ಲಿ ಮೂರು ಸಲ ತಿದ್ದಿದರು, ಹಿಂದಿನವರು ಗೊಣಗಿದರು. ಗೊಣಗಲಿ ಬಿಡಿ, ನಿಮಗಿರುವುದು ಅದೊಂದೇ ಅವಕಾಶ. ರಸೀದಿ ಜೋಪಾನ. ನನ್ನದು 19 ದಿನಕ್ಕೆ ಆಯಿತು. ಎರಡೂ ಅವಕಾಶ ಮುಗಿದಿರುವವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಗೆಜೆಟ್ ಇಟ್ಟುಕೊಂಡು ವಿಶೇಷ ಪ್ರಕರಣವಾಗಿ ಕೇಳಬೇಕು, ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿದರೆ ಕ್ರಮ ಹೇಳುತ್ತಾರೆ. ಆಧಾರ್‌ನ ಬೆಂಗಳೂರು ಪ್ರಾದೇಶಿಕ ಕಚೇರಿ ಇರುವುದು ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ.

ಪ್ಯಾನ್ ಸಲೀಸು. ತಿದ್ದುಪಡಿ ಅರ್ಜಿ, ಗೆಜೆಟ್ ಪ್ರತಿ, ಕಾರ್ಡ್ ಸೇರಿ 107 ರೂಪಾಯಿ. ಹೆಸರು ಹೊಸ ಆಧಾರ್‌ನಲ್ಲಿ ಇರುವಂತೆಯೇ ಇರಲಿ. ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ, ಆಧಾರ್ ಸಂಖ್ಯೆಯೂ ಬದಲಾಗುವುದಿಲ್ಲ. ಆದ್ದರಿಂದ ಸಾಲದ ಚರಿತ್ರೆಯೂ ಹಾಗೇ ಮುಂದುವರಿಯುತ್ತದೆ. ಇಬ್ಬರೂ ಸೇರಿ ತೆಗೆದ ಮನೆ ಸಾಲವಿದ್ದರೆ, 'ಕಂತು ಪತಿಯೇ ಕಟ್ಟತಕ್ಕದ್ದು' ಎಂದು ಡಿಕ್ರಿಯಲ್ಲಿ ಬರೆದಿದ್ದರೂ ಬ್ಯಾಂಕಿನ ಕಡತದಲ್ಲಿ ನೀವು ಸಹ-ಸಾಲಗಾರರೇ. ಅವರು ಕಂತು ತಪ್ಪಿಸಿದರೆ ನಿಮ್ಮ ಸ್ಕೋರ್ ಬೀಳುತ್ತದೆ. ಬ್ಯಾಂಕಿಗೆ ಬರೆದು ಹೆಸರು ಬಿಡಿಸಿಕೊಳ್ಳುವವರೆಗೆ ಕ್ರೆಡಿಟ್ ವರದಿಯನ್ನು ಆಗಾಗ ನೋಡುತ್ತಿರಿ.

ಬ್ಯಾಂಕಿನಲ್ಲಿ ಹೆಸರು ಬದಲಿಸುವುದು ಅರ್ಧ ಗಂಟೆಯ ಕೆಲಸ. ನಿಜವಾದ ಕೆಲಸ ನಾಮಿನಿ. ವಿಚ್ಛೇದನ ಆದ ಮಾತ್ರಕ್ಕೆ ಖಾತೆಯ ನಾಮಿನಿ ತಾನಾಗಿ ಬದಲಾಗುವುದಿಲ್ಲ. ಉಳಿತಾಯ ಖಾತೆ, ಪ್ರತಿಯೊಂದು ಎಫ್‌ಡಿ, ಲಾಕರ್, ಜೀವ ವಿಮೆ, ಮ್ಯೂಚುವಲ್ ಫಂಡ್, ಪಿಎಫ್, ಹೀಗೆ ಎಲ್ಲೆಲ್ಲೂ ಹಳೆಯ ಹೆಸರೇ ಕೂತಿರುತ್ತದೆ. ಠೇವಣಿಗಳಿಗೆ ನಾಮಿನಿ ರದ್ದು ಮಾಡಲು ಡಿಎ-2, ಬದಲಿಸಲು ಡಿಎ-3 ನಮೂನೆ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾನು ಅಮ್ಮನನ್ನೂ ತಂಗಿಯನ್ನೂ ಹಾಕಿದೆ. ಎಫ್‌ಡಿಗಳ ರಸೀದಿ ತೆಗೆದು ಒಂದೊಂದಾಗಿ ನೋಡಿ, ಶಾಖೆಯವರು 'ಎಲ್ಲದಕ್ಕೂ ಆಯ್ತು' ಎಂದದ್ದನ್ನೇ ನಂಬಬೇಡಿ. ನನ್ನ ಎರಡು ಎಫ್‌ಡಿಗಳಲ್ಲಿ ಹಳೆಯದೇ ಉಳಿದಿತ್ತು. ಹೊಸ ಸಹಿ ಮಾಡುವಾಗ ಸ್ವಂತ ಹೆಸರನ್ನಷ್ಟೇ ಬರೆಯುವ ಸಹಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಉಪನಾಮ ಏನೇ ಆದರೂ ಅದು ಬದಲಾಗಬೇಕಿಲ್ಲ.

ಪಿಎಫ್‌ನಲ್ಲಿ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) 2017ರ ಅಕ್ಟೋಬರ್ 1ರ ನಂತರ ಕೊಟ್ಟದ್ದಾಗಿ, ಆಧಾರ್ ಜೋಡಣೆ ಆಗಿದ್ದರೆ ಹೆಸರನ್ನು ನೀವೇ ಆನ್‌ಲೈನ್‌ನಲ್ಲಿ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳೆಯದಾದರೆ ಕಂಪನಿಯ ಅನುಮೋದನೆ ಬೇಕು. ನನ್ನದು ಹಳೆಯದು, ಎಚ್‌ಆರ್ ಮೇಜಿನ ಮೇಲೆ ಒಂದು ತಿಂಗಳು ಕೂತಿತ್ತು. ಮತದಾರರ ಚೀಟಿಗೆ ನಮೂನೆ 8, ಮನೆಯಿಂದಲೇ ಆಗುತ್ತದೆ.

ಪಾಸ್‌ಪೋರ್ಟ್ ಕೊನೆಗಿಟ್ಟುಕೊಂಡೆ, ಏಕೆಂದರೆ ಅಷ್ಟರಲ್ಲಿ ಆಧಾರ್, ಪ್ಯಾನ್ ಎರಡೂ ಹೊಸ ಹೆಸರಿನಲ್ಲಿ ಕೈಯಲ್ಲಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ತಿದ್ದುಪಡಿ ಎಂಬುದಿಲ್ಲ, ಹೊಸ ಪುಸ್ತಕವೇ ಕೊಡುತ್ತಾರೆ. ಅರ್ಜಿಯಲ್ಲಿ ರೀ-ಇಶ್ಯೂ, ಅದರ ಕಾರಣವಾಗಿ ವೈಯಕ್ತಿಕ ವಿವರಗಳ ಬದಲಾವಣೆ ಆರಿಸಬೇಕು. ಅದರ ಕೆಳಗೆ ಹೆಸರು ಮತ್ತು ಸಂಗಾತಿಯ ಹೆಸರು ಎರಡನ್ನೂ ಗುರುತು ಮಾಡಬೇಕು. ಒಂದನ್ನೇ ಗುರುತು ಮಾಡಿ ಹೋದರೆ ಕೌಂಟರಿನಲ್ಲಿ ಕೂತು ಮತ್ತೆ ತಿದ್ದಿಸಬೇಕಾಗುತ್ತದೆ. 36 ಪುಟದ್ದಕ್ಕೆ 1,500 ರೂಪಾಯಿ. ಡಿಕ್ರಿಯ ಸರ್ಟಿಫೈಡ್ ಕಾಪಿ, ಅಫಿಡವಿಟ್ ಮೂಲ, ಎರಡೂ ಪತ್ರಿಕೆಯ ಪುಟ, ಗೆಜೆಟ್, ಹಳೆಯ ಪಾಸ್‌ಪೋರ್ಟ್ ತೆಗೆದುಕೊಂಡು ಹೋದೆ. ಒಳಗೆ ಎ, ಬಿ, ಸಿ ಎಂದು ಮೂರು ಹಂತದ ಕೌಂಟರ್. ಬಿ ಕೌಂಟರಿನ ಅಧಿಕಾರಿ ಡಿಕ್ರಿಯನ್ನು ಪೂರ್ತಿ ಓದುತ್ತಾರೆ. ನಮ್ಮ ಬದುಕಿನ ಅಷ್ಟು ಖಾಸಗಿ ಮಾತುಗಳನ್ನು ಅಪರಿಚಿತರೊಬ್ಬರು ನಮ್ಮೆದುರೇ ಓದುವ ಆ ಐದು ನಿಮಿಷ ಕಷ್ಟದ್ದು. ಜೊತೆಗೆ ಬಂದವರು ಹೊರಗೇ ಕಾಯಬೇಕಾಗುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಪೊಲೀಸ್ ಪರಿಶೀಲನೆಗೆ ಠಾಣೆಗೆ ಕರೆದರು, ಅಲ್ಲಿ ಕೇಳಿದ್ದು ಆಧಾರ್ ಮತ್ತು ಗೆಜೆಟ್ ಮಾತ್ರ. ಇದಕ್ಕೆ ಬೇರೆ ಶುಲ್ಕವಿಲ್ಲ, ಯಾರಿಗೂ ಕೊಡಬೇಕಿಲ್ಲ.

ಹೊಸ ಪುಸ್ತಕದ ಕೊನೆಯ ಪುಟದಲ್ಲಿ ಅಪ್ಪನ ಹೆಸರು, ಅಮ್ಮನ ಹೆಸರು, ಅದರ ಕೆಳಗೆ ಸಂಗಾತಿಯ ಸಾಲು ಖಾಲಿ. ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಪುಟದಲ್ಲೊಮ್ಮೆ, ಕೊನೆಯ ಪುಟದಲ್ಲೊಮ್ಮೆ ತನ್ನ ಹೆಸರನ್ನು ಬೆರಳಿಟ್ಟು ಓದಿದಳು. ಹಳೆಯ ಪಾಸ್‌ಪೋರ್ಟ್‌ನ ಮೂಲೆ ಕತ್ತರಿಸಿ ವಾಪಸು ಕೊಟ್ಟಿದ್ದಾರೆ. ಅದರಲ್ಲಿ ವೀಸಾ ಇದ್ದವರು ಅದನ್ನು ಎಸೆಯಬೇಡಿ, ಆಯಾ ದೇಶದ ರಾಯಭಾರ ಕಚೇರಿಯನ್ನು ಕೇಳಿ. ನನಗೆ ಇನ್ನು ಉಳಿದಿರುವುದು ಗ್ಯಾಸ್ ಕನೆಕ್ಷನ್ ಮತ್ತು ಡ್ರೈವಿಂಗ್ ಲೈಸೆನ್ಸ್. ಗೆಜೆಟ್‌ನ ಎರಡು ಪ್ರತಿ ಅದಕ್ಕೆಂದೇ ಎತ್ತಿಟ್ಟಿದ್ದೇನೆ.